ಹಳೆ ಮನೆಯ ಕೋಣೆಗೆ ಹೊಸ ಪ್ಲಗ್ ಪಾಯಿಂಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಮನೆ ಕಟ್ಟಿದವರು ಕೋಣೆಗೊಂದು ಲೈಟು, ಒಂದು ಫ್ಯಾನು, ಸ್ವಿಚ್‌ಬೋರ್ಡಿನ ಮೂಲೆಯಲ್ಲೊಂದು ಪ್ಲಗ್ ಎಂದು ಲೆಕ್ಕ ಹಾಕಿದ್ದರು. ಆಗಿನ ಬಳಕೆಗೆ ಅದು ಸಾಕಿತ್ತು. ಈಗ ಅದೇ ಕೋಣೆಯಲ್ಲಿ ಲ್ಯಾಪ್‌ಟಾಪ್, ಎರಡು ಮೂರು ಫೋನ್, ರೌಟರ್, ಇಸ್ತ್ರಿ ಪೆಟ್ಟಿಗೆ, ಹೀಟರ್ ಎಲ್ಲಕ್ಕೂ ಜಾಗ ಬೇಕು. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಲೆಕ್ಕಗಳೆಲ್ಲ 230 ವೋಲ್ಟ್ ಸರಬರಾಜಿಗೆ, 6 ಮತ್ತು 16 ಆಂಪಿಯರಿನ ದುಂಡು ಪಿನ್ನಿನ ಸಾಕೆಟ್‌ಗಳಿಗೆ ಸೇರಿದವು.

## ಶುರು ಮಾಡುವ ಮುನ್ನ

ಎಕ್ಸ್‌ಟೆನ್ಶನ್ ಬಾಕ್ಸ್ ಇದೆಯಲ್ಲ, ಅದು ಸಾಲದಾ? ಗೋಡೆಗೆ ಯಾಕೆ ಕೈ ಹಾಕಬೇಕು?

ಫೋನು, ಲ್ಯಾಪ್‌ಟಾಪ್, ರೌಟರ್‌ಗಳಿಗೆ ಸಾಕು. 65 ವ್ಯಾಟಿನ ಲ್ಯಾಪ್‌ಟಾಪ್ ಚಾರ್ಜರ್ ಎಳೆಯುವುದು ಅರ್ಧ ಆಂಪಿಯರಿಗೂ ಕಡಿಮೆ. ಬಿಸಿ ಮಾಡುವ ಉಪಕರಣ ಬಂದಾಗ ಲೆಕ್ಕ ಬದಲಾಗುತ್ತದೆ. 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆಗೆ 4.3 ಆಂಪಿಯರ್ ಬೇಕು, 2000 ವ್ಯಾಟಿನ ಹೀಟರಿಗೆ 8.7. ಎರಡನ್ನೂ ಒಂದೇ ಬಾಕ್ಸಿಗೆ ಸಿಕ್ಕಿಸಿದರೆ 13 ಆಂಪಿಯರ್ ಆಯಿತು. ಅಷ್ಟೂ ಕರೆಂಟ್ ಬಾಕ್ಸಿನ ಸಣ್ಣ ವೈರಿನ ಮೂಲಕ, ಗೋಡೆಯ 6 ಆಂಪಿಯರಿನ ಸಾಕೆಟ್ ಮೂಲಕವೇ ಹೋಗಬೇಕು. ಬಾಕ್ಸಿಗೆ ಇನ್ನೊಂದು ಬಾಕ್ಸ್ ಸಿಕ್ಕಿಸುವುದು, ವೈರನ್ನು ಚಾಪೆಯಡಿ ಹಾಯಿಸುವುದು, ಬಾಗಿಲ ಸಂದಿಯಲ್ಲಿ ತೂರಿಸುವುದು ಶುರುವಾಗಿದ್ದರೆ ಆ ಕೋಣೆಗೆ ಹೊಸ ಪಾಯಿಂಟ್ ಬೇಕು ಎಂದೇ ತಿಳಿಯಿರಿ.

6 ಆಂಪ್, 16 ಆಂಪ್ ಅಂತಾರೆ. ನಾನು ಯಾವುದು ಹಾಕಿಸಲಿ?

ಆಂಪಿಯರನ್ನು 230ರಿಂದ ಗುಣಿಸಿ. 6 ಆಂಪಿಯರಿಗೆ 1380 ವ್ಯಾಟ್, 16 ಆಂಪಿಯರಿಗೆ 3680 ವ್ಯಾಟ್. ಟಿವಿ, ಫ್ಯಾನು, ಚಾರ್ಜರ್, ಮಿಕ್ಸಿ ಮೊದಲನೆಯದರಲ್ಲಿ ನಡೆಯುತ್ತವೆ. ಹೀಟರ್, ಗೀಸರ್, ಇಂಡಕ್ಷನ್ ಒಲೆ, ಎಸಿಗಳಿಗೆ ಎರಡನೆಯದೇ ಆಗಬೇಕು. ದಪ್ಪ ಪಿನ್ನಿನ ಪ್ಲಗ್ಗನ್ನು ಅಡಾಪ್ಟರ್ ಹಾಕಿ ಸಣ್ಣ ಸಾಕೆಟ್ಟಿಗೆ ತುರುಕುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಉಪಕರಣಕ್ಕೆ ಆ ದಪ್ಪದ ಪಿನ್ ಕೊಟ್ಟಿರುವುದೇ ಅದನ್ನು ಸಣ್ಣ ಸಾಕೆಟ್ಟಿಗೆ ಹಾಕಬಾರದು ಅಂತ.

ಎರಡೂ ಬಗೆಯ ಪಿನ್ ಹಿಡಿಸುವ 6/16 ಸಾಕೆಟ್ ಸಿಗುತ್ತದೆ. ಅದರ ಹಿಂದೆ 16 ಆಂಪಿಯರಿಗೆ ತಕ್ಕ ವೈರ್ ಇದ್ದರೆ ಅದು ಒಳ್ಳೆಯ ಆಯ್ಕೆ. ಹಿಂದೆ ಲೈಟಿನ ವೈರ್ ಇದ್ದು ಮುಂದೆ 16ರ ಸಾಕೆಟ್ ಕೂತಿದ್ದರೆ ಅದು ಸುಳ್ಳು ಬೋರ್ಡು.

ನಮ್ಮ ಮನೆ ವೈರಿಂಗ್ ಎಷ್ಟು ಹಳೇದು ಅಂತ ನೋಡಿ ಹೇಳೋದು ಹೇಗೆ?

ಮರದ ಪಟ್ಟಿಯ ಮೇಲೆ ತಗಡಿನ ಕ್ಲಿಪ್ ಹೊಡೆದು ವೈರ್ ಓಡಿಸಿದ್ದರೆ, ಸ್ವಿಚ್‌ಬೋರ್ಡ್ ಮರದ ಪೆಟ್ಟಿಗೆಯಾಗಿದ್ದು ಕರಿ ದುಂಡು ಸ್ವಿಚ್‌ಗಳಿದ್ದರೆ, ಮೀಟರಿನ ಪಕ್ಕ ಪಿಂಗಾಣಿ ಫ್ಯೂಸ್‌ಗಳಿದ್ದರೆ ಅದು ಬಹಳ ಹಿಂದಿನ ಕೆಲಸ. ಅಂಥ ಕಡೆ ವೈರಿನ ಹೊದಿಕೆ ರಬ್ಬರಿನದಾಗಿರಬಹುದು. ರಬ್ಬರು ವರ್ಷ ಕಳೆದಂತೆ ಒಣಗುತ್ತದೆ. ಬೋರ್ಡು ಬಿಚ್ಚಿ ವೈರನ್ನು ಸ್ವಲ್ಪ ಬಗ್ಗಿಸಿದರೂ ಹೊದಿಕೆ ಬಿಸ್ಕತ್ತಿನ ಚೂರಿನಂತೆ ಉದುರಿ ಬರಿ ತಂತಿ ಕಾಣುತ್ತದೆ. ಇಷ್ಟು ವರ್ಷ ನಡೆದದ್ದು ಅದನ್ನು ಯಾರೂ ಮುಟ್ಟದೆ ಇದ್ದುದರಿಂದ. ನೀವು ಹೊಸ ಪಾಯಿಂಟಿಗೆಂದು ಬೋರ್ಡು ಬಿಚ್ಚಿದ ದಿನವೇ ಅದು ಕೈಕೊಡುತ್ತದೆ. ಹೊದಿಕೆ ಉದುರುವ ಮನೆಯಲ್ಲಿ ಒಂದು ಪಾಯಿಂಟ್ ಸೇರಿಸುವ ಮಾತೇ ಇಲ್ಲ; ಆ ಕೋಣೆಯ ವೈರಿಂಗ್ ಪೂರ್ತಿ ಬದಲಾಗಬೇಕು.

ಗೋಡೆಯೊಳಗೆ ಪ್ಲಾಸ್ಟಿಕ್ ಪೈಪ್, ಅದರಲ್ಲಿ ಪಿವಿಸಿ ಹೊದಿಕೆಯ ವೈರ್ ಇದ್ದರೆ ಪರಿಸ್ಥಿತಿ ಅಷ್ಟು ಕೆಟ್ಟದ್ದಲ್ಲ. ಅಲ್ಲಿ ಕೇಳಬೇಕಾದ್ದು ವೈರಿನ ಗಾತ್ರ ಎಷ್ಟು, ತಂತಿ ತಾಮ್ರದ್ದೋ ಅಲ್ಯೂಮಿನಿಯಂನದೋ, ಅರ್ತಿನ (ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ) ಹಸಿರು ವೈರ್ ಇದೆಯೋ ಇಲ್ಲವೋ ಎಂದು.

ಇದನ್ನ ನಾನೇ ಮಾಡ್ಕೋಬಹುದಾ?

ಯೋಚನೆ, ಅಳತೆ, ನಕ್ಷೆ ನಿಮ್ಮದಾಗಲಿ. ಸಂಪರ್ಕ ಕೊಡುವುದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ಬಹಳಷ್ಟು ಕಡೆ ಕಾನೂನೂ ಹಾಗೆಯೇ ಇದೆ. ಸುಟ್ಟ ಸಾಕೆಟ್ಟನ್ನು ಅದೇ ಅಳತೆಯ ಹೊಸದಕ್ಕೆ ಬದಲಿಸುವುದಕ್ಕೂ, ಹೊಸ ಲೈನ್ ಎಳೆಯುವುದಕ್ಕೂ ತುಂಬ ವ್ಯತ್ಯಾಸವಿದೆ.

ಮನೆಯವರು ಮಾಡಬಹುದಾದ, ಆದರೆ ಹೆಚ್ಚಿನವರು ಮಾಡದ ಕೆಲಸ ಒಂದಿದೆ. ಎಂಸಿಬಿಗಳನ್ನು (ಕರೆಂಟ್ ಹೆಚ್ಚಾದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್‌ಗಳು) ಒಂದೊಂದಾಗಿ ಇಳಿಸಿ, ಯಾವುದಕ್ಕೆ ಯಾವ ಲೈಟು, ಯಾವ ಪ್ಲಗ್ ಆರಿತು ಎಂದು ಹಾಳೆಯಲ್ಲಿ ಬರೆದುಕೊಳ್ಳಿ. ಹಳೆ ಮನೆಗಳಲ್ಲಿ ಇದು ಸಾಕಷ್ಟು ವಿಚಿತ್ರಗಳನ್ನು ಹೊರಗೆಳೆಯುತ್ತದೆ. ಮಲಗುವ ಕೋಣೆಯ ಪ್ಲಗ್ ಅಡುಗೆಮನೆಯ ಎಂಸಿಬಿಗೆ ಸೇರಿರುತ್ತದೆ, ಹಿತ್ತಲಿನ ಲೈಟು ಯಾವುದಕ್ಕೂ ಆರುವುದಿಲ್ಲ. ಈ ಹಾಳೆ ಕೈಯಲ್ಲಿದ್ದರೆ ಬಂದ ಎಲೆಕ್ಟ್ರಿಷಿಯನ್ನಿಗೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.

ಟೆಸ್ಟರ್ ಹತ್ತಲಿಲ್ಲ. ಅಂದ್ರೆ ಕರೆಂಟ್ ಇಲ್ಲ ಅಂತ ತಾನೆ?

ಅಲ್ಲ. ಸ್ಕ್ರೂಡ್ರೈವರಿನ ರೂಪದ ಟೆಸ್ಟರಿನೊಳಗಿನ ಪುಟ್ಟ ದೀಪ ನಿಮ್ಮ ಮೈಮೂಲಕ ನೆಲಕ್ಕೆ ಹೋಗುವ ಅತಿ ಸಣ್ಣ ಕರೆಂಟಿನಿಂದ ಹತ್ತುತ್ತದೆ. ರಬ್ಬರಿನ ಚಪ್ಪಲಿ, ಮರದ ಸ್ಟೂಲು, ಬಿಸಿಲಿನ ಬೆಳಕು, ಕೆಟ್ಟ ಟೆಸ್ಟರ್ ಯಾವುದಿದ್ದರೂ ಅದು ಕಾಣದೆ ಹೋಗಬಹುದು. ಪರೀಕ್ಷೆಗೆ ಮೊದಲು ಕರೆಂಟ್ ಇದೆ ಎಂದು ಗೊತ್ತಿರುವ ಕಡೆ ಹಚ್ಚಿ ನೋಡಿ, ಆಮೇಲೆ ಕೆಲಸದ ಜಾಗದಲ್ಲಿ, ಮತ್ತೆ ಗೊತ್ತಿರುವ ಕಡೆ. ಕರೆಂಟ್ ತರುವ ವೈರ್ ಫೇಸ್, ಮರಳಿ ಒಯ್ಯುವುದು ನ್ಯೂಟ್ರಲ್. ಮಲ್ಟಿಮೀಟರ್ ಇದ್ದರೆ ಫೇಸ್‌-ನ್ಯೂಟ್ರಲ್, ಫೇಸ್‌-ಅರ್ತ್, ನ್ಯೂಟ್ರಲ್‌-ಅರ್ತ್ ಮೂರೂ ಜೋಡಿಗಳನ್ನು ಅಳೆಯಿರಿ.

ಹಳೆ ಮನೆಗಳಲ್ಲಿ ಇನ್ನೊಂದು ಮೋಸವಿದೆ. ಕೆಲವು ಕಡೆ ಫೇಸಿಗೂ ನ್ಯೂಟ್ರಲಿಗೂ ಬೇರೆ ಬೇರೆ ಫ್ಯೂಸ್ ಇರುತ್ತದೆ. ನ್ಯೂಟ್ರಲಿನ ಫ್ಯೂಸ್ ಮಾತ್ರ ಹೋದರೆ ಲೈಟು ಆರುತ್ತದೆ, ಫ್ಯಾನು ನಿಲ್ಲುತ್ತದೆ, ಮನೆಯವರು ಕರೆಂಟ್ ಹೋಯಿತು ಎನ್ನುತ್ತಾರೆ. ವೈರಿನಲ್ಲಿ 230 ವೋಲ್ಟ್ ಹಾಗೆಯೇ ಕೂತಿರುತ್ತದೆ. ಕೆಲಸ ಮಾಡುವಾಗ ಇಳಿಸಬೇಕಾದ್ದು ಎರಡು ವೈರನ್ನೂ ಕಡಿಯುವ ಮೇನ್ ಸ್ವಿಚ್. ಇನ್ವರ್ಟರ್ ಇದ್ದರೆ ಅದನ್ನೂ ಬೇರೆಯಾಗಿ ಆರಿಸಿ. ಮೇನ್ ಇಳಿಸಿದ ಕ್ಷಣವೇ ಅದು ಎಚ್ಚರಗೊಳ್ಳುತ್ತದೆ.

## ಅರ್ತಿಂಗ್

ಎರಡು ಪಿನ್ನಿನ ಹಳೆ ಸಾಕೆಟ್ ತೆಗೆದು ಮೂರು ಪಿನ್ನಿಂದು ಹಾಕಿದ್ರೆ ಆಯ್ತಲ್ಲ?

ಹಿಂದೆ ಹಸಿರು ವೈರ್ ಬಂದಿದ್ದರೆ ಆಯಿತು. ಬಂದಿಲ್ಲವಾದರೆ ಮೇಲಿನ ದೊಡ್ಡ ತೂತು ಬರೀ ತೂತು. ಫ್ರಿಜ್ಜಿನ ಒಳಗೆ ಒಂದು ವೈರಿನ ಹೊದಿಕೆ ಹರಿದು ಮೈಗೆ ತಾಗಿತು ಅಂತಿಟ್ಟುಕೊಳ್ಳಿ. ಅರ್ತ್ ಇದ್ದರೆ ಆ ಕರೆಂಟ್ ಹಸಿರು ವೈರಿನಲ್ಲಿ ಹೋಗುತ್ತದೆ, ರಕ್ಷಣೆಯ ಸಾಧನ ಲೈನನ್ನು ಕಡಿಯುತ್ತದೆ. ಅರ್ತ್ ಇಲ್ಲದಿದ್ದರೆ ಏನೂ ಆಗುವುದಿಲ್ಲ, ಫ್ರಿಜ್ ತಣ್ಣಗೆ ನಡೆಯುತ್ತಿರುತ್ತದೆ, ಒದ್ದೆ ಕಾಲಿನಲ್ಲಿ ಯಾರಾದರೂ ಬಾಗಿಲ ಹಿಡಿ ಮುಟ್ಟುವ ತನಕ.

ಎರಡು ಪಿನ್ನಿನ ಸಾಕೆಟ್ ಕನಿಷ್ಠ ಪಕ್ಷ ಸತ್ಯ ಹೇಳುತ್ತದೆ, ಇಲ್ಲಿ ಅರ್ತ್ ಇಲ್ಲ ಅಂತ. ಹಿಂದೆ ವೈರಿಲ್ಲದ ಮೂರು ಪಿನ್ ಅದಕ್ಕಿಂತ ಕೆಟ್ಟದ್ದು. ಪ್ಲಗ್ಗಿನ ಅರ್ತ್ ಪಿನ್ ಉಳಿದೆರಡಕ್ಕಿಂತ ಉದ್ದ ಯಾಕಿದೆ ಅಂದರೆ ಸಿಕ್ಕಿಸುವಾಗ ಅದೇ ಮೊದಲು ತಾಗಬೇಕು, ಕೀಳುವಾಗ ಅದೇ ಕೊನೆಗೆ ಬಿಡಬೇಕು.

ಅರ್ತ್ ವೈರ್ ಇಲ್ಲ ಅಂದಿದ್ದಕ್ಕೆ ಸಾಕೆಟ್ ಒಳಗೇ ನ್ಯೂಟ್ರಲ್‌ನಿಂದ ಅರ್ತಿಗೆ ತುಂಡು ವೈರ್ ಹಾಕಿ ಕೊಟ್ಟ. ನಡೆಯುತ್ತಲ್ವಾ?

ಈ ಪುಟದಲ್ಲಿ ಒಂದೇ ಉತ್ತರ ಓದುವವರಿದ್ದರೆ ಇದನ್ನು ಓದಲಿ. ಆ ತುಂಡು ವೈರನ್ನು ಇವತ್ತೇ ತೆಗೆಸಿ.

ಎಲ್ಲ ಸರಿಯಿರುವಾಗ ನ್ಯೂಟ್ರಲ್ ಹೆಚ್ಚುಕಡಿಮೆ ನೆಲದ ಮಟ್ಟದಲ್ಲೇ ಇರುತ್ತದೆ, ಆದ್ದರಿಂದ ಮೀಟರ್ ಹಿಡಿದರೂ ಅರ್ತ್ ಇದ್ದಂತೆಯೇ ಕಾಣುತ್ತದೆ. ತೊಂದರೆ ಬರುವುದು ನ್ಯೂಟ್ರಲ್ ಎಲ್ಲೋ ಹಿಂದೆ ತುಂಡಾದಾಗ, ಸಡಿಲವಾದಾಗ, ಅಥವಾ ಮೇಲೆ ಹೇಳಿದ ನ್ಯೂಟ್ರಲ್ ಫ್ಯೂಸ್ ಹೋದಾಗ. ಆಗ ಫೇಸಿನ ಕರೆಂಟ್ ಉಪಕರಣದೊಳಗೆ ಹಾದು ನ್ಯೂಟ್ರಲಿಗೆ ಬಂದು, ಹಿಂದಕ್ಕೆ ಹೋಗಲು ದಾರಿಯಿಲ್ಲದೆ, ಆ ತುಂಡು ವೈರಿನ ಮೂಲಕ ನೇರ ಉಪಕರಣದ ಲೋಹದ ಮೈಗೆ ಬರುತ್ತದೆ. ಉಪಕರಣದಲ್ಲಿ ಯಾವ ದೋಷವೂ ಇಲ್ಲ. ಆದರೂ ವಾಷಿಂಗ್ ಮಷಿನ್ನಿನ ತಗಡಿನಲ್ಲಿ 230 ವೋಲ್ಟ್. ಮನೆಯವರು ಕರೆಂಟ್ ಹೋಗಿದೆ ಅಂದುಕೊಂಡು ಬಟ್ಟೆ ತೆಗೆಯಲು ಹೋಗುವುದೂ ಅದೇ ಹೊತ್ತಿಗೆ.

ನೀರಿನ ಪೈಪಿಗೆ ಅರ್ತ್ ಕಟ್ಟುವುದೂ ಬೇಡ. ಲೋಹದ ಪೈಪಿನ ನಡುವೆ ಯಾವಾಗಲೋ ಒಂದು ತುಂಡು ಪ್ಲಾಸ್ಟಿಕ್ ಹಾಕಿ ರಿಪೇರಿ ಮಾಡಿರುತ್ತಾರೆ. ಅಲ್ಲಿಂದ ಈಚೆಗೆ ನಲ್ಲಿಯೇ ಶಾಕ್ ಹೊಡೆಯುತ್ತದೆ. ಅರ್ತ್ ವೈರ್ ಇಲ್ಲದ ಕೋಣೆಗೆ ಸರಿಯಾದ ದಾರಿ ಒಂದೇ: ಡಿಬಿಯ (ಎಂಸಿಬಿಗಳು ಕೂತಿರುವ ಪೆಟ್ಟಿಗೆ) ಅರ್ತ್ ಪಟ್ಟಿಯಿಂದ ಹೊಸ ಹಸಿರು ವೈರ್ ಎಳೆಯುವುದು.

ಅರ್ತ್ ಇದೆಯಾ ಅಂತ ಬಲ್ಬು ಹಚ್ಚಿ ತೋರಿಸಿದ್ರು. ಚೆನ್ನಾಗೇ ಉರೀತು. ಸಾಕಾ?

ಅರ್ತ್ ಇದೆ ಎಂದಷ್ಟೇ ಅದರಿಂದ ಗೊತ್ತಾಗುತ್ತದೆ, ಚೆನ್ನಾಗಿದೆ ಎಂದಲ್ಲ. 100 ವ್ಯಾಟಿನ ಬಲ್ಬು ಉರಿಯುವಾಗ ಅದರ ರೋಧ (ಕರೆಂಟಿಗೆ ಒಡ್ಡುವ ತಡೆ) ಸುಮಾರು 530 ಓಮ್. ಅರ್ತಿನ ದಾರಿಯಲ್ಲಿ 50 ಓಮ್ ರೋಧವಿದ್ದರೂ ಬಲ್ಬಿಗೆ 210 ವೋಲ್ಟ್ ಸಿಗುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಆದರೆ 50 ಓಮಿನ ಅರ್ತಿನಲ್ಲಿ ದೋಷದ ಕರೆಂಟ್ ಐದು ಆಂಪಿಯರನ್ನೂ ದಾಟುವುದಿಲ್ಲ. ಅಷ್ಟಕ್ಕೆ 16 ಆಂಪಿಯರಿನ ಎಂಸಿಬಿ ಅಲುಗಾಡದು. ಅರ್ತ್ ಗುಂಡಿಯ (ಅರ್ತ್ ವೈರ್ ನೆಲ ಸೇರುವ ಜಾಗ) ರೋಧವನ್ನು ಅರ್ತ್ ಟೆಸ್ಟರಿನಿಂದ ಅಳೆದು ಓಮಿನಲ್ಲಿ ಸಂಖ್ಯೆ ಬರೆದುಕೊಡಲು ಹೇಳಿ. ಮಳೆಗಾಲಕ್ಕಿಂತ ಬೇಸಿಗೆಯ ಒಣ ನೆಲದಲ್ಲಿ ಅಳೆದ ಸಂಖ್ಯೆ ನಿಜಕ್ಕೆ ಹತ್ತಿರ. ಇನ್ನೊಂದು ಮಾತು. ಕರೆಂಟ್ ಸೋರಿದರೆ ಲೈನ್ ಕಡಿಯುವ ಸಾಧನಕ್ಕೆ ಆರ್‌ಸಿಸಿಬಿ ಎನ್ನುತ್ತಾರೆ. ಆರ್‌ಸಿಸಿಬಿ ಇರುವ ಮನೆಯಲ್ಲಿ ಫೇಸ್‌ನಿಂದ ಅರ್ತಿಗೆ ಬಲ್ಬು ಹಚ್ಚಿದರೆ ಆರ್‌ಸಿಸಿಬಿ ಬೀಳಲೇಬೇಕು. ಬೀಳದಿದ್ದರೆ ಆ ಲೈನ್ ಆರ್‌ಸಿಸಿಬಿಯ ಆಚೆಗಿದೆ, ಇಲ್ಲವೇ ಆರ್‌ಸಿಸಿಬಿ ಕೆಟ್ಟಿದೆ.

## ವೈರು, ಪೈಪು, ಗೋಡೆ

ಪಕ್ಕದ ಸ್ವಿಚ್‌ಬೋರ್ಡ್‌ನಿಂದ ಲೂಪ್ ತಗೊಂಡ್ರೆ ಅರ್ಧ ಗಂಟೆ ಕೆಲಸ ಅಂತಾರೆ. ಬೇಡ ಅಂತೀರಾ?

ಲೂಪ್ ಅಂದರೆ ಇರುವ ಬೋರ್ಡಿನ ವೈರಿನಿಂದಲೇ ಕವಲು ಎಳೆಯುವುದು. ಚಾರ್ಜರ್, ಟೇಬಲ್ ದೀಪಕ್ಕೆಂದು ಒಂದು 6 ಆಂಪಿಯರಿನ ಸಾಕೆಟ್ಟಾದರೆ, ಬೋರ್ಡಿನಲ್ಲಿ ಅರ್ತ್ ಇದ್ದರೆ, ವೈರ್ ಒಳ್ಳೆಯ ಸ್ಥಿತಿಯಲ್ಲಿದ್ದರೆ ತೆಗೆದುಕೊಳ್ಳಬಹುದು. 16 ಆಂಪಿಯರಿನ ಪಾಯಿಂಟಿಗೆ ಖಂಡಿತ ಬೇಡ.

ಸಾಕೆಟ್ ಹಾಕುವುದು ಈ ಕೆಲಸದಲ್ಲಿ ಅತಿ ಸಣ್ಣ ಭಾಗ. ಕೇಳಬೇಕಾದ ಪ್ರಶ್ನೆ ಇದರ ಫೇಸ್ ಎಲ್ಲಿಂದ, ನ್ಯೂಟ್ರಲ್ ಎಲ್ಲಿಂದ, ಅರ್ತ್ ಎಲ್ಲಿಂದ ಅಂತ. ಹಳೆ ಮನೆಯ ಲೈಟಿನ ಬೋರ್ಡಿಗೆ ಬಂದಿರುವುದು ಹೆಚ್ಚಾಗಿ ಒಂದು ಅಥವಾ ಒಂದೂವರೆ ಚದರ ಮಿಲಿಮೀಟರಿನ ವೈರ್. ಅದು ಇನ್ನೆರಡು ಬೋರ್ಡುಗಳನ್ನು ಹಾದು ಬಂದಿರುತ್ತದೆ, ಪ್ರತಿ ಬೋರ್ಡಿನಲ್ಲೂ ಒಂದೊಂದು ಹಳೆ ಜಾಯಿಂಟು. ನೀವು ಹೊಸ ಸಾಕೆಟ್ಟಿಗೆ ಹೀಟರ್ ಹಾಕಿದಾಗ ಬಿಸಿಯಾಗುವುದು ಹೊಸ ಸಾಕೆಟ್ಟಲ್ಲ, ಮೂರನೇ ಕೋಣೆಯ ಆ ಹಳೆ ಜಾಯಿಂಟು. ಡಿಬಿಯಿಂದ ನೇರ ಹೊಸ ಲೈನ್ ಎಂದರೆ ಅರ್ಧ ಗಂಟೆಯ ಬದಲು ಒಂದೆರಡು ದಿನ. ಹಳೆ ಮನೆಯಲ್ಲಿ ನಾನು ಪ್ರತಿ ಬಾರಿಯೂ ಅದನ್ನೇ ಹೇಳುತ್ತೇನೆ.

ಯಾವ ಗಾತ್ರದ ವೈರ್ ತರಲಿ? ಅಂಗಡೀಲಿ ಒಂದು ಹೇಳ್ತಾರೆ, ಎಲೆಕ್ಟ್ರಿಷಿಯನ್ "ಮೂರು ಬೈ ಇಪ್ಪತ್ತು" ಅಂತಾರೆ.

ಹಳಬರ ಲೆಕ್ಕದಲ್ಲಿ 3/20 ಎಂದರೆ 20ನೇ ಗೇಜಿನ ಮೂರು ಎಳೆ. ಅದು ಸುಮಾರು 2 ಚದರ ಮಿಲಿಮೀಟರ್. 7/20 ಎಂದರೆ ಏಳು ಎಳೆ, ಸುಮಾರು 4.6. 3/22 ಲೈಟಿನದು, ಸುಮಾರು 1.2. ಈಗ ಕೊಳ್ಳುವಾಗ ಚದರ ಮಿಲಿಮೀಟರಿನಲ್ಲೇ ಕೇಳಿ.

ತಾಮ್ರದ ವೈರಿನಲ್ಲಿ ಲೈಟಿಗೆ 1.5, ಸಾಕೆಟ್ಟಿಗೆ 2.5, ದೊಡ್ಡ ಗೀಸರ್ ಅಥವಾ ಎಸಿಗೆ 4 ಎಂಬುದು ಮನೆಗಳಲ್ಲಿ ನಡೆದುಬಂದ ಲೆಕ್ಕ. 6 ಆಂಪಿಯರಿನ ಸಾಕೆಟ್ಟಿಗೂ 2.5 ಹಾಕಿಸಿ ಎನ್ನುತ್ತೇನೆ. ಗೋಡೆಯೊಳಗೆ ಒಮ್ಮೆ ಹೋದ ವೈರನ್ನು ಮತ್ತೆ ತೆಗೆಯುವ ಕಷ್ಟದ ಮುಂದೆ ವೈರಿನ ಬೆಲೆಯ ವ್ಯತ್ಯಾಸ ಏನೂ ಅಲ್ಲ. ದೂರವೂ ಲೆಕ್ಕಕ್ಕೆ ಬರುತ್ತದೆ. 2.5ರ ತಾಮ್ರದ ವೈರಿಗೆ ಕಿಲೋಮೀಟರಿಗೆ ಸುಮಾರು 7.4 ಓಮ್. ಡಿಬಿಯಿಂದ 20 ಮೀಟರ್ ಎಂದರೆ ಹೋಗಿ ಬರುವುದು 40 ಮೀಟರ್, 0.3 ಓಮ್. 10 ಆಂಪಿಯರ್ ಎಳೆದರೆ 3 ವೋಲ್ಟ್ ನಷ್ಟ, ಚಿಂತೆಯಿಲ್ಲ. ಒಂದು ಚದರ ಮಿಲಿಮೀಟರಿನ ವೈರಾದರೆ 7 ವೋಲ್ಟಿಗೂ ಹೆಚ್ಚು ನಷ್ಟ, ಅಷ್ಟೂ ವೈರಿನೊಳಗೆ ಶಾಖವಾಗಿ ಕೂರುತ್ತದೆ.

ಗೋಡೆ ಒಡೆದು ಪೈಪ್ ಹೂಳಿಸಲಾ, ಗೋಡೆ ಮೇಲೆ ಕೇಸಿಂಗ್ ಪಟ್ಟಿ ಹೊಡೆಸಲಾ?

ಹೊಸ ಮನೆಯಾದರೆ ಪೈಪ್ ಹೂಳಿಸಿ. ಹಳೆ ಮನೆಗೆ ನನ್ನ ಒಲವು ಪ್ಲಾಸ್ಟಿಕ್ ಕೇಸಿಂಗ್ ಕಡೆಗೆ. ನೋಡಲು ಅಷ್ಟು ಚೆನ್ನಾಗಿರುವುದಿಲ್ಲ, ನಿಜ. ಬಾಗಿಲ ಚೌಕಟ್ಟಿನ ಅಂಚಿಗೆ, ಗೋಡೆ ಮತ್ತು ಸೂರು ಸೇರುವ ಮೂಲೆಗೆ ಹೊಂದಿಸಿ ಓಡಿಸಿ, ಗೋಡೆಯ ಬಣ್ಣವನ್ನೇ ಬಳಿದರೆ ಒಂದು ವಾರದಲ್ಲಿ ಕಣ್ಣಿಗೆ ಒಗ್ಗುತ್ತದೆ. ವೈರ್ ಎಲ್ಲಿ ಹೋಗಿದೆ ಎಂದು ಎಲ್ಲರಿಗೂ ಕಾಣುತ್ತದೆ, ಮೊಳೆ ಹೊಡೆಯುವವರಿಗೂ. ಮುಂದೆ ಇನ್ನೊಂದು ವೈರ್ ಸೇರಿಸಬೇಕೆಂದರೆ ಮುಚ್ಚಳ ತೆಗೆದರಾಯಿತು.

ಹಳೆ ಗೋಡೆ ಒಡೆಯುವುದು ಅಂದುಕೊಂಡಷ್ಟು ಸುಲಭವಲ್ಲ. ಮಣ್ಣಿನ ಅಥವಾ ಸುಣ್ಣದ ಗಾರೆಯ ಗೋಡೆಯಲ್ಲಿ ಎರಡು ಇಂಚು ಒಡೆಯಲು ಹೋದರೆ ಒಂದಡಿ ಗಾರೆ ಜಾರಿ ಬೀಳುತ್ತದೆ. ಒಡೆಯಲೇಬೇಕಾದರೆ ಕಟರಿನಿಂದ ಎರಡು ಗೆರೆ ಕೊಯ್ದು ನಡುವಿನದನ್ನು ತೆಗೆಯಲಿ, ಸುತ್ತಿಗೆ ಉಳಿಯಿಂದ ಶುರುಮಾಡುವುದು ಬೇಡ. ಮೇಲಿಂದ ಕೆಳಕ್ಕೆ ನೇರ ಒಡೆಯಬಹುದು, ಆಳ ಗೋಡೆಯ ದಪ್ಪದ ಮೂರನೇ ಒಂದನ್ನು ಮೀರಬಾರದು. ಅಡ್ಡ ಒಡೆಯುವುದು ಗೋಡೆಯ ಬಲ ತಗ್ಗಿಸುತ್ತದೆ, ಅಲ್ಲಿ ಆರನೇ ಒಂದು ಸಾಕು. ನಾಲ್ಕೂವರೆ ಇಂಚಿನ ಗೋಡೆಗೆ ಅಡ್ಡ ಒಡೆಯುವ ಯೋಚನೆಯೇ ಬೇಡ. ಕಂಬ, ತೊಲೆಗಳಿಗೆ ಉಳಿ ಮುಟ್ಟಿಸುವಂತಿಲ್ಲ. ಓರೆಯಾಗಿ ಪೈಪ್ ಓಡಿಸಿದರೆ ವೈರ್ ಸ್ವಲ್ಪ ಉಳಿಯುತ್ತದೆ, ಆದರೆ ಹತ್ತು ವರ್ಷದ ಮೇಲೆ ಅಲ್ಲಿ ಡ್ರಿಲ್ ಮಾಡುವವರಿಗೆ ಅದು ಎಲ್ಲಿದೆ ಎಂದು ಊಹಿಸಲಾಗದು. ಗಾರೆ ಮೆತ್ತುವ ಮೊದಲು ಅಳತೆ ಟೇಪು ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಿ.

ಹಳೆ ಪೈಪಿನಲ್ಲೇ ಹೊಸ ವೈರ್ ಎಳೆಯಕ್ಕಾಗಲ್ವಾ?

ಕೆಲವೊಮ್ಮೆ ಆಗುತ್ತದೆ. ವೈರ್ ಎಳೆಯುವ ಸ್ಪ್ರಿಂಗ್ ತೂರಿಸಿದಾಗ ಆ ತುದಿಗೆ ಬಂದರೆ ಪೈಪ್ ಚೆನ್ನಾಗಿದೆ. ಹಳೆ ವೈರನ್ನೇ ಹಗ್ಗದಂತೆ ಬಳಸಿ ಹೊಸದನ್ನು ಕಟ್ಟಿ ಎಳೆಯುವುದೂ ಉಂಟು. ಹಳೆಯದು ನಡುವೆ ತುಂಡಾದರೆ ಎರಡೂ ಕೈಬಿಟ್ಟವು. ಪೈಪಿನ ಒಳಜಾಗದಲ್ಲಿ ಸುಮಾರು 40 ಪ್ರತಿಶತ ಮಾತ್ರ ವೈರ್ ಇರಬೇಕು. ಹೆಚ್ಚು ತುಂಬಿದರೆ ಎಳೆಯುವಾಗ ಹೊದಿಕೆ ಹರಿಯುತ್ತದೆ, ಶಾಖ ಹೊರಹೋಗುವುದಿಲ್ಲ. ಲೈಟಿನ ಆರೇಳು ವೈರ್ ಇರುವ ಪೈಪಿಗೆ ಪವರ್ ಲೈನ್ ತುರುಕುವುದಕ್ಕಿಂತ ಬೇರೆ ದಾರಿ ನೋಡುವುದು ಮೇಲು. ಪೈಪ್ ಲೋಹದ್ದಾಗಿದ್ದರೆ ಅದನ್ನೂ ಅರ್ತಿಗೆ ಸೇರಿಸಬೇಕು.

ಎಷ್ಟು ಪಾಯಿಂಟ್, ಎಷ್ಟೆತ್ತರದಲ್ಲಿ?

ಕೋಣೆಯ ಸಾಮಾನುಗಳನ್ನು ನಿಜವಾಗಿ ಇಡುವ ಜಾಗದಲ್ಲಿಟ್ಟು ನೋಡಿ. ಮಂಚದ ಎರಡೂ ಬದಿ, ಮೇಜಿನ ಮೇಲ್ಭಾಗ, ಟಿವಿಯ ಹಿಂದೆ. ಮೇಜಿನ ಪಾಯಿಂಟ್ ಮೇಜಿನ ಮಟ್ಟಕ್ಕಿಂತ ಮೇಲಿರಲಿ, ನೆಲದ ಮೇಲೆ ಬಗ್ಗಿ ಹುಡುಕುವಂತಾಗಬಾರದು. ನೆಲದಿಂದ ಒಂದಡಿ ಎತ್ತರದವು ಗುಡಿಸಿ ಒರೆಸುವಾಗ ನೀರು ಸಿಡಿಯದಷ್ಟು ಮೇಲಿರುತ್ತವೆ. ಮಕ್ಕಳಿರುವ ಮನೆಯಾದರೆ ಒಳಗೆ ತೂತು ಮುಚ್ಚುವ ಶಟರ್ ಇರುವ ಸಾಕೆಟ್ ಕೊಳ್ಳಿ. ಮಾಡ್ಯುಲರ್ ಬೋರ್ಡಿನಲ್ಲಿ ಒಂದು ಸಾಕೆಟ್ ಸಾಮಾನ್ಯವಾಗಿ ಎರಡು ಮಾಡ್ಯೂಲಿನ ಜಾಗ ಹಿಡಿಯುತ್ತದೆ, ಸ್ವಿಚ್ ಒಂದು. ಪೆಟ್ಟಿಗೆ ಕೊಳ್ಳುವ ಮೊದಲು ಎಣಿಸಿಕೊಳ್ಳಿ.

ಫೇಸ್ ಯಾವ ಕಡೆ ಬರಬೇಕು? ಹೇಗೆ ಹಾಕಿದ್ರೂ ಕೆಲಸ ಮಾಡುತ್ತಲ್ಲ.

ದೊಡ್ಡ ತೂತು ಮೇಲಿರುವಂತೆ ಎದುರಿನಿಂದ ನೋಡಿದಾಗ ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಸ್ವಿಚ್ ಕಡಿಯಬೇಕಾದ್ದು ಫೇಸನ್ನು. ತಿರುಗುಮುರುಗಾದರೂ ಉಪಕರಣ ನಡೆಯುತ್ತದೆ, ಆದರೆ ಸ್ವಿಚ್ ಆರಿಸಿದ ಮೇಲೂ ಒಳಗೆ ಫೇಸ್ ಉಳಿದಿರುತ್ತದೆ. ಹಳೆ ಮನೆಯಲ್ಲಿ ವೈರಿನ ಬಣ್ಣ ನಂಬಬೇಡಿ. ಕೆಂಪು ಮುಗಿಯಿತೆಂದು ಕರಿ ವೈರಿನಲ್ಲಿ ಫೇಸ್ ಓಡಿಸಿದವರು ಎಲ್ಲ ಕಾಲದಲ್ಲೂ ಇದ್ದರು.

## ಇನ್ನೂ ಆಳಕ್ಕೆ

ಹೊಸ ಪಾಯಿಂಟ್ ಹಾಕಿದ ಮೇಲೆ ಎಂಸಿಬಿ ಬೀಳ್ತಾನೇ ಇದೆ. 10 ತೆಗೆದು 20 ಹಾಕಿಸಲಾ?

ಎಂಸಿಬಿ ಕಾಯುವುದು ವೈರನ್ನು. ವೈರ್ ಅದೇ ಇದ್ದು ಎಂಸಿಬಿ ಮಾತ್ರ ದೊಡ್ಡದಾದರೆ, ಬೀಳುವುದು ನಿಲ್ಲುತ್ತದೆ, ವೈರ್ ಬಿಸಿಯಾಗುವುದು ಶುರುವಾಗುತ್ತದೆ. ಎಂಸಿಬಿ ತನ್ನ ಅಳತೆಗಿಂತ 1.13 ಪಟ್ಟು ಕರೆಂಟನ್ನು ಗಂಟೆಗಟ್ಟಲೆ ತಡೆದುಕೊಳ್ಳುವಂತೆ, 1.45 ಪಟ್ಟಿಗೆ ಒಂದು ಗಂಟೆಯೊಳಗೆ ಬೀಳುವಂತೆ ಮಾಡಿರುತ್ತಾರೆ. ಅಂದರೆ 20ರ ಎಂಸಿಬಿ 29 ಆಂಪಿಯರನ್ನು ಹೆಚ್ಚುಕಡಿಮೆ ಒಂದು ಗಂಟೆ ಬಿಡಬಹುದು. 1.5ರ ಹಳೆ ವೈರಿನ ಹೊದಿಕೆ ಅಷ್ಟು ಹೊತ್ತು ಉಳಿಯದು.

ಬೀಳುವ ರೀತಿಯನ್ನೂ ಗಮನಿಸಿ. ಹೀಟರ್ ಹಾಕಿ ಇಪ್ಪತ್ತು ನಿಮಿಷದ ಮೇಲೆ ಬಿದ್ದರೆ ಲೋಡ್ ಜಾಸ್ತಿ. ಸ್ವಿಚ್ ಹಾಕಿದ ಕೂಡಲೇ ಟಪ್ ಎಂದು ಬಿದ್ದರೆ ಎಲ್ಲೋ ಶಾರ್ಟ್ ಇದೆ. ಮೋಟಾರ್ ಇರುವ ಉಪಕರಣ ಶುರುವಾಗುವಾಗ ಮಾತ್ರ ಬಿದ್ದರೆ ಬಿ ಬಗೆಯ ಎಂಸಿಬಿಗೆ ಬದಲಾಗಿ ಅದೇ ಅಳತೆಯ ಸಿ ಬಗೆಯದು ಬೇಕಿರಬಹುದು. ಬಿ ಬಗೆ ಮೂರರಿಂದ ಐದು ಪಟ್ಟು ಕರೆಂಟಿಗೆ ಕ್ಷಣದಲ್ಲಿ ಬೀಳುತ್ತದೆ, ಸಿ ಬಗೆ ಐದರಿಂದ ಹತ್ತು ಪಟ್ಟಿಗೆ. ಹೊಸ ಪಾಯಿಂಟ್‌ಗಳಿಂದ ಇಡೀ ಮನೆಯ ಬಳಕೆಯೇ ಏರಿದ್ದರೆ ವಿದ್ಯುತ್ ಕಂಪನಿ ಮನೆಗೆ ಮಂಜೂರು ಮಾಡಿದ ಲೋಡನ್ನೂ ಹೆಚ್ಚಿಸಿಕೊಳ್ಳಬೇಕಾದೀತು.

ಸಾಕೆಟ್ ಕರ್ರಗಾಗಿ ಸುಟ್ಟಿದೆ. ಎಂಸಿಬಿ ಯಾಕೆ ಬೀಳಲಿಲ್ಲ?

ಕರೆಂಟ್ ಹೆಚ್ಚಾಗಲೇ ಇಲ್ಲ, ಅದಕ್ಕೆ. ಸಡಿಲ ಸ್ಕ್ರೂ, ಸೋತ ಪಿನ್ನಿನ ಹಿಡಿತ, ಸುಮ್ಮನೆ ತಿರುಚಿ ಟೇಪು ಸುತ್ತಿದ ಜಾಯಿಂಟು, ಇವೆಲ್ಲ ದಾರಿಯಲ್ಲಿ ಸಣ್ಣ ರೋಧವನ್ನು ಹುಟ್ಟಿಸುತ್ತವೆ. ಅರ್ಧ ಓಮ್ ಅಂತಿಟ್ಟುಕೊಳ್ಳಿ. ಹೀಟರಿನ 8.7 ಆಂಪಿಯರ್ ಅದರಲ್ಲಿ ಹಾದರೆ ಕರೆಂಟಿನ ವರ್ಗ ಗುಣಿಸು ರೋಧ, ಸುಮಾರು 38 ವ್ಯಾಟ್ ಶಾಖ. ಸೀಸ ಕರಗಿಸುವ ಬೆಸುಗೆ ಕಡ್ಡಿಗೆ 25 ವ್ಯಾಟ್ ಸಾಕು. ಅಷ್ಟು ಶಾಖ ಒಂದು ಸ್ಕ್ರೂವಿನ ತಲೆಯ ಸುತ್ತ, ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ. ಎಂಸಿಬಿಗೆ ಕಾಣುವುದು ಮಾಮೂಲಿ ಎಂಟೂ ಚಿಲ್ಲರೆ ಆಂಪಿಯರ್ ಮಾತ್ರ. ಕರೆಂಟ್ ಸೋರುತ್ತಿಲ್ಲವಾದ್ದರಿಂದ ಆರ್‌ಸಿಸಿಬಿಗೂ ಗೊತ್ತಾಗುವುದಿಲ್ಲ. ಇಲ್ಲಿ ಕೆಲಸಕ್ಕೆ ಬರುವುದು ನಿಮ್ಮ ಮೂಗು ಮತ್ತು ಅಂಗೈ. ಸುಟ್ಟ ಮೀನಿನಂಥ ವಾಸನೆ, ಚಿರ್ ಎನ್ನುವ ಸದ್ದು, ಪ್ಲಗ್ ಕಿತ್ತಾಗ ಪಿನ್ ಕೈಗೆ ಸುಡುವುದು ಕಂಡರೆ ಬಳಸುವುದನ್ನು ನಿಲ್ಲಿಸಿ. ಸಾಕೆಟ್ ಬದಲಿಸುವಾಗ ಕಪ್ಪಾದ ವೈರಿನ ತುದಿಯನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಲಿ; ಕಪ್ಪು ತುದಿಯನ್ನೇ ಹೊಸ ಸಾಕೆಟ್ಟಿಗೆ ಕೂರಿಸಿದರೆ ಅದೂ ಸುಡುತ್ತದೆ.

ಅರ್ತ್ ಚೆನ್ನಾಗಿದೆ, ಎಂಸಿಬಿನೂ ಇದೆ. ಮತ್ತೆ ಆರ್‌ಸಿಸಿಬಿ ಯಾಕೆ?

ಅರ್ತ್ ಗುಂಡಿಯ ರೋಧ 5 ಓಮ್ ಇದೆ, ಬೇರೆ ಯಾವ ದಾರಿಯೂ ಇಲ್ಲ ಎನ್ನೋಣ. ಉಪಕರಣದ ಮೈಗೆ ಫೇಸ್ ತಾಗಿದಾಗ ಹೆಚ್ಚೆಂದರೆ 46 ಆಂಪಿಯರ್ ಹರಿಯುತ್ತದೆ. 16ರ ಸಿ ಬಗೆಯ ಎಂಸಿಬಿ ತಕ್ಷಣ ಬೀಳುವುದು ಖಚಿತವಾಗಲು 160 ಆಂಪಿಯರ್ ಬೇಕು. 46ಕ್ಕೆ ಅದು ಬೀಳುತ್ತದೆ, ಆದರೆ ಸೆಕೆಂಡುಗಳ ಲೆಕ್ಕದಲ್ಲಿ, ಒಳಗಿನ ಪಟ್ಟಿ ಕಾದ ಮೇಲೆ. ಅಷ್ಟು ಹೊತ್ತು ಉಪಕರಣದ ಮೈಯಲ್ಲಿ ಅಪಾಯದ ವೋಲ್ಟೇಜ್ ಇರುತ್ತದೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ವ್ಯತ್ಯಾಸ ಕಂಡೊಡನೆ, 0.3 ಸೆಕೆಂಡಿನೊಳಗೆ ಕಡಿಯುತ್ತದೆ. ಲೋಡ್ ಜಾಸ್ತಿಯಾದರೆ ಅದು ಬೀಳುವುದಿಲ್ಲ, ಎಂಸಿಬಿಯೂ ಜೊತೆಗಿರಬೇಕು. ಎರಡನ್ನೂ ಒಂದರಲ್ಲೇ ಮಾಡುವ ಆರ್‌ಸಿಬಿಒ ಹೊಸ ಲೈನೊಂದಕ್ಕೆ ಮಾತ್ರ ಹಾಕಲು ಅನುಕೂಲ.

ಆರ್‌ಸಿಸಿಬಿ ಹಾಕಿದ್ಮೇಲೆ ದಿನಾ ಟ್ರಿಪ್ಪು. ತೆಗೆದುಬಿಡಿ ಅಂತಾರೆ.

ತೆಗೆಯಬೇಡಿ, ಅದು ಏನೋ ಹೇಳುತ್ತಿದೆ. ಹಳೆ ಮನೆಯಲ್ಲಿ ಮೊದಲ ಶಂಕೆ ಎರವಲು ಪಡೆದ ನ್ಯೂಟ್ರಲ್ ಮೇಲೆ: ಹೊಸ ಪಾಯಿಂಟಿಗೆ ಫೇಸ್ ಆರ್‌ಸಿಸಿಬಿ ಕಡೆಯಿಂದ ಬಂದಿದೆ, ನ್ಯೂಟ್ರಲ್ ಹತ್ತಿರವಿತ್ತೆಂದು ಬೇರೆ ಲೈನಿನಿಂದ ಎತ್ತಿದ್ದಾರೆ. ಒಂದು ಬಲ್ಬು ಹಾಕಿದರೂ ಬೀಳುತ್ತದೆ. ಎರಡನೆಯದು ನ್ಯೂಟ್ರಲ್ ಮತ್ತು ಅರ್ತ್ ಎಲ್ಲೋ ಸೇರಿರುವುದು. ಮಳೆ ಬಂದಾಗ ಮಾತ್ರ ಬಿದ್ದರೆ ಒದ್ದೆ ಗೋಡೆಯ ಬೋರ್ಡು ಅಥವಾ ಹೊರಗಿನ ಲೈಟು. ಗೀಸರ್ ಹಾಕಿದಾಗ ಮಾತ್ರವಾದರೆ ಗೀಸರಿನ ಕಾಯಿಲ್. ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಿ. ಅದು ಸಾಧನದ ಪರೀಕ್ಷೆ ಮಾತ್ರ, ಅರ್ತಿನ ಬಗ್ಗೆ ಏನೂ ಹೇಳುವುದಿಲ್ಲ.

ಹಳೆ ವೈರ್ ಅಲ್ಯೂಮಿನಿಯಂದು. ಅದಕ್ಕೇ ತಾಮ್ರ ಸೇರಿಸಿ ಮುಂದುವರಿಸಬಹುದಾ?

ಸುಮ್ಮನೆ ತಿರುಚಿ ಸೇರಿಸುವಂತಿಲ್ಲ. ಅಲ್ಯೂಮಿನಿಯಂ ಬಿಸಿಗೆ ತಾಮ್ರಕ್ಕಿಂತ ಹೆಚ್ಚು ಹಿಗ್ಗುತ್ತದೆ, ಸ್ಕ್ರೂವಿನಡಿ ಮೆತ್ತಗೆ ಜಾರುತ್ತದೆ, ಅದರ ಮೇಲೆ ಕಟ್ಟುವ ಆಕ್ಸೈಡ್ ಪದರ ಕರೆಂಟ್ ಬಿಡುವುದಿಲ್ಲ. ತೇವ ಸೇರಿದರೆ ಎರಡು ಲೋಹಗಳ ಜಾಯಿಂಟು ಸವೆಯುತ್ತದೆ. ಅದೇ ಗಾತ್ರಕ್ಕೆ ಅದರ ರೋಧ ತಾಮ್ರದ ಸುಮಾರು 1.6 ಪಟ್ಟು. ಎರಡೂ ಲೋಹಕ್ಕೆಂದೇ ಮಾಡಿದ ಕನೆಕ್ಟರ್‌ಗಳಿವೆ, ಲೈಟಿನ ಲೈನಿಗೆ ತಾತ್ಕಾಲಿಕವಾಗಿ ಸರಿ. ಪ್ಲಗ್ ಪಾಯಿಂಟಿಗೆ ಡಿಬಿಯಿಂದಲೇ ಹೊಸ ತಾಮ್ರ.

ಹೊಸ ಪಾಯಿಂಟ್ ಇನ್ವರ್ಟರಿಗೆ ಸೇರಿಸಬಹುದಾ?

6 ಆಂಪಿಯರಿನದಾದರೆ ಸರಿ. 16ರದನ್ನು ಬೇಡ, ಕತ್ತಲಲ್ಲಿ ಯಾರೋ ಇಸ್ತ್ರಿ ಪೆಟ್ಟಿಗೆ ಸಿಕ್ಕಿಸುತ್ತಾರೆ.

ಮನೆಗೆ ಮೂರು ಫೇಸ್ ಇದೆ. ಒಂದೇ ಕೋಣೆಯ ಎರಡು ಪಾಯಿಂಟ್ ಬೇರೆ ಬೇರೆ ಫೇಸಿಂದ ಬಂದ್ರೆ ತೊಂದರೆಯಾ?

ಎರಡು ಫೇಸುಗಳ ನಡುವೆ 400 ವೋಲ್ಟ್ ಇರುತ್ತದೆ. ಬೇರೆ ಗೋಡೆಯಲ್ಲಿ ದೂರ ದೂರವಿದ್ದರೆ ನಡೆಯುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಎರಡು ಫೇಸ್ ತರುವುದು ಬೇಡ, ರಿಪೇರಿಗೆ ಬಂದವನು ಒಂದು ಎಂಸಿಬಿ ಇಳಿಸಿ ಎಲ್ಲವೂ ಆರಿತೆಂದುಕೊಳ್ಳುತ್ತಾನೆ. ಎರಡು ಫೇಸಿನ ಲೈನುಗಳಿಗೆ ಒಂದೇ ನ್ಯೂಟ್ರಲ್ ಹಂಚುವುದಂತೂ ಆಗದು. ಆ ನ್ಯೂಟ್ರಲ್ ತುಂಡಾದರೆ ಟಿವಿಗೂ ಹೀಟರಿಗೂ ನಡುವೆ 400 ವೋಲ್ಟ್ ಹಂಚಿಹೋಗುತ್ತದೆ, ಕಡಿಮೆ ಲೋಡಿನ ಟಿವಿಗೆ ಹೆಚ್ಚು ಪಾಲು ಬಂದು ಅದು ಸುಡುತ್ತದೆ.

ಕೆಲಸ ಮುಗೀತು ಅಂತ ಹೇಳಿದ್ರು. ದುಡ್ಡು ಕೊಡೋ ಮುಂಚೆ ಏನೇನು ನೋಡಲಿ?

ಕರೆಂಟ್ ಕೊಡುವ ಮೊದಲು, ಉಪಕರಣಗಳನ್ನೆಲ್ಲ ಕಿತ್ತು, ಹೊಸ ಲೈನಿಗೆ 500 ವೋಲ್ಟಿನ ಮೆಗ್ಗರ್ (ವೈರಿನ ಹೊದಿಕೆ ಪರೀಕ್ಷಿಸುವ ಮೀಟರ್) ಹಿಡಿಯಲು ಹೇಳಿ. ಫೇಸ್‌-ಅರ್ತ್, ನ್ಯೂಟ್ರಲ್‌-ಅರ್ತ್, ಫೇಸ್‌-ನ್ಯೂಟ್ರಲ್ ಎಲ್ಲದರಲ್ಲೂ ಒಂದು ಮೆಗಾಓಮಿಗಿಂತ ಹೆಚ್ಚು ಬರಬೇಕು. ಹೊಸ ವೈರಿನಲ್ಲಿ ಅದಕ್ಕಿಂತ ಬಹಳ ಹೆಚ್ಚೇ ಬರುತ್ತದೆ. ಸಾಕೆಟ್ಟಿನ ಅರ್ತ್ ತೂತಿನಿಂದ ಡಿಬಿಯ ಅರ್ತ್ ಪಟ್ಟಿಯವರೆಗೆ ನಿರಂತರ ಸಂಪರ್ಕವಿದೆಯೇ ಎಂದು ಮೀಟರಿನಲ್ಲಿ ತೋರಿಸಲಿ. ಆಮೇಲೆ ಕರೆಂಟ್ ಕೊಟ್ಟು ಫೇಸ್ ಬಲಕ್ಕಿದೆಯೇ, ಸ್ವಿಚ್ ಫೇಸನ್ನೇ ಕಡಿಯುತ್ತದೆಯೇ ನೋಡಿ.

ಕೊನೆಗೆ ಒಂದು ಹೀಟರನ್ನೋ ಇಸ್ತ್ರಿ ಪೆಟ್ಟಿಗೆಯನ್ನೋ ಹಾಕಿ ಅರ್ಧ ಗಂಟೆ ಬಿಡಿ. ಸಾಕೆಟ್ಟಿನ ಮುಖ, ಪ್ಲಗ್, ಡಿಬಿಯ ಎಂಸಿಬಿ ಮೂರರ ಮೇಲೂ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಅವರು ಮನೆಯಲ್ಲಿರುವಾಗಲೇ ಬಿಚ್ಚಿ ಸ್ಕ್ರೂ ಬಿಗಿ ಮಾಡಿಸಿ. ಡಿಬಿಯ ಬಾಗಿಲೊಳಗೆ ಹೊಸ ಎಂಸಿಬಿಯ ಕೆಳಗೆ ಯಾವ ಕೋಣೆ, ಯಾವ ಪಾಯಿಂಟ್ ಎಂದು ಅವರ ಕೈಯಲ್ಲೇ ಬರೆಸಿಕೊಳ್ಳಿ.